ಪೆಟ್ರಿಫೈಡ್ ಫಾರೆಸ್ಟ್: ಕಾರಿಂದ ಇಳಿಯದಿದ್ದರೆ ನಾಲ್ಕು ಕೊರಡು ಅಷ್ಟೇ

ಪ್ರಶ್ನೆ: ಸರ್, ನಾವು ಅರಿಜೋನಾದ ಫೀನಿಕ್ಸ್‌ನಲ್ಲಿದ್ದೇವೆ. ಹಾಸನದಿಂದ ಅಪ್ಪ, ಅಮ್ಮ ಬಂದಿದ್ದಾರೆ. ಅಕ್ಟೋಬರ್‌ನಲ್ಲಿ ಗ್ರ್ಯಾಂಡ್ ಕ್ಯಾನಿಯನ್‌ಗೆ ಹೋಗುವಾಗ ಪೆಟ್ರಿಫೈಡ್ ಫಾರೆಸ್ಟ್ ನ್ಯಾಷನಲ್ ಪಾರ್ಕನ್ನೂ ನೋಡಿಬಿಡೋಣ ಅಂತಿದ್ದೇವೆ. "ಅಲ್ಲೇನಿದೆ, ನಾಲ್ಕು ಕಲ್ಲಿನ ಕೊರಡು, ಒಂದು ಗಂಟೇಲಿ ಮುಗಿಯುತ್ತೆ" ಅಂತ ಗೆಳೆಯರು ಹೇಳುತ್ತಾರೆ. ಹೌದಾ? ಅಮ್ಮನಿಗೆ ಮಂಡಿನೋವು. 9 ವರ್ಷದ ಮಗನಿಗೆ ಡೈನೊಸಾರ್ ಹುಚ್ಚು. ಮರ ಕಲ್ಲಾಗೋದು ಹೇಗೆ ಅಂತ ಅಪ್ಪ ದಿನಾ ಕೇಳುತ್ತಿದ್ದಾರೆ. ಸಾಲಿಗ್ರಾಮದ ಹಾಗೆ ಒಂದು ಚೂರು ದೇವರ ಮನೆಗೆ ತರಬಹುದಾ ಅನ್ನೋದು ಅಮ್ಮನ ಪ್ರಶ್ನೆ.

ಉತ್ತರ: ನಿಮ್ಮ ಗೆಳೆಯರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಕಾರಿನ ಕಿಟಕಿಯಿಂದ ನೋಡಿದರೆ ಅಲ್ಲಿ ಕಾಣೋದು ನಾಲ್ಕು ಕೊರಡೇ. ನಾನು ಭೂವಿಜ್ಞಾನ ಓದಿದವನು, ಪಾಠ ಮಾಡಿದವನು. ಆದರೂ ಮೊದಲ ಸಲ ಹೋದಾಗ ಅದೇ ತಪ್ಪು ಮಾಡಿದ್ದೆ. ಸಂಜೆ ಆಗುತ್ತಾ ಬಂದಾಗ ಉತ್ತರದ ಗೇಟಿಂದ ಒಳಗೆ ಹೋಗಿ, ಗೇಟ್ ಹಾಕುತ್ತಾರೆ ಅನ್ನೋ ಹೆದರಿಕೆಯಲ್ಲಿ 28 ಮೈಲಿ ಒಂದೇ ಉಸಿರಿಗೆ ಓಡಿಸಿ, ದಕ್ಷಿಣದ ಗೇಟಿಂದ ಹೊರಗೆ ಬಂದಿದ್ದೆ. ಕೈಗೆ ಬಂದದ್ದು ಹತ್ತು ಮಸುಕು ಫೋಟೊ. ಎರಡನೇ ಸಲ ಇಡೀ ದಿನ ಕೊಟ್ಟೆ. ಆಮೇಲೆ ಇನ್ನೂ ಮೂರು ಸಲ ಹೋಗಿದ್ದೇನೆ.

ಮೊದಲು ಒಂದು ವಿಷಯ ಮನೆಯವರಿಗೆಲ್ಲ ಹೇಳಿಬಿಡಿ. 'ಫಾರೆಸ್ಟ್' ಅಂದ ಕೂಡಲೇ ಕಲ್ಲಿನ ಮರಗಳು ಸಾಲಾಗಿ ನಿಂತಿರುತ್ತವೆ ಅಂದುಕೊಂಡು ಹೋಗುವವರೇ ಜಾಸ್ತಿ. ಹಾಗಿಲ್ಲ. ಹೆಚ್ಚುಕಡಿಮೆ ಎಲ್ಲವೂ ಮಲಗಿವೆ. ಕೊಂಬೆ ಇಲ್ಲ, ಎಲೆ ಇಲ್ಲ, ಬಹುತೇಕ ತೊಗಟೆಯೂ ಇಲ್ಲ. ಪ್ರವಾಹದಲ್ಲಿ ತೇಲಿ ಬಂದ ಮರಗಳಿವು, ದಾರಿಯಲ್ಲೇ ಕೈಕಾಲು ಕಳೆದುಕೊಂಡಿವೆ. ಇದನ್ನು ಮೊದಲೇ ಹೇಳಿದ್ದರೆ ಕಾರಿಂದ ಇಳಿದ ಕೂಡಲೇ "ಇಷ್ಟೇನಾ?" ಅನ್ನೋ ಮಾತು ಬರೋದಿಲ್ಲ.

ಈಗ ತಂದೆಯವರ ಪ್ರಶ್ನೆ. ಸುಮಾರು 21-22 ಕೋಟಿ ವರ್ಷಗಳ ಹಿಂದಿನ ಮಾತು. ಆಗ ಅಟ್ಲಾಂಟಿಕ್ ಸಾಗರವೇ ಇರಲಿಲ್ಲ. ಖಂಡಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು, ನಮ್ಮ ಭಾರತದ ತುಂಡೂ ಆ ಗುಂಪಿನಲ್ಲೇ ದಕ್ಷಿಣಕ್ಕಿತ್ತು. ಈಗಿನ ಅರಿಜೋನಾ ಆಗ ಭೂಮಧ್ಯರೇಖೆಗೆ ಎಷ್ಟು ಹತ್ತಿರ ಅಂದರೆ, ಇವತ್ತಿನ ಬೆಂಗಳೂರಿಗಿಂತಲೂ ಹತ್ತಿರ. ಮರುಭೂಮಿ ಅಲ್ಲ, ದೊಡ್ಡ ನದಿಗಳು ಹರಿಯುತ್ತಿದ್ದ ಬಿಸಿ ಬಯಲು. ಜರೀಗಿಡಗಳು, ಜೌಗು, ಅಲ್ಲಲ್ಲಿ ಪೈನ್‌ನಂಥ ಎತ್ತರದ ಸೂಚಿಪರ್ಣಿ ಮರಗಳು. ಕೆಲವು ಮರ 60 ಮೀಟರ್‌ವರೆಗೂ ಬೆಳೆದಿದ್ದವು ಅನ್ನುತ್ತಾರೆ. ಮುಪ್ಪಿಗೋ ಗಾಳಿಗೋ ಬಿದ್ದ ಮರಗಳನ್ನು ನದಿ ಎಳೆದು ತಂದು ತಿರುವಿನಲ್ಲಿ ಗುಡ್ಡೆ ಹಾಕಿತು. ಮೇಲೆ ಮರಳು, ಕೆಸರು ಬಂದು ಮುಚ್ಚಿತು.

ಇಲ್ಲಿಯವರೆಗೆ ವಿಶೇಷ ಏನಿಲ್ಲ. ಮಳೆಗಾಲದಲ್ಲಿ ಹೇಮಾವತಿಯೂ ಮರ ಎಳೆದು ತರುತ್ತಾಳೆ, ಹೂತುಹಾಕುತ್ತಾಳೆ. ಅದು ಕೊಳೆತು ಹೋಗುತ್ತೆ, ಅಷ್ಟೇ. ಇಲ್ಲಿ ವ್ಯತ್ಯಾಸ ಮಾಡಿದ್ದು ಎರಡು. ಒಂದು, ಬೇಗ ಹೂತುಹೋದದ್ದು. ಗಾಳಿ ತಾಗದಿದ್ದರೆ ಮರ ಕೊಳೆಯೋದು ತೀರಾ ನಿಧಾನ. ಇನ್ನೊಂದು, ಕೆಸರಿನಲ್ಲಿ ಬೆರೆತಿದ್ದ ಜ್ವಾಲಾಮುಖಿ ಬೂದಿ. ಈ ಬೂದಿಯಲ್ಲಿ ಸಿಲಿಕಾ ಹೇರಳ. ನೆಲದೊಳಗಿನ ನೀರು ಅದನ್ನು ಕರಗಿಸಿಕೊಂಡು ಮರದ ಒಳಗೆ ಇಳಿಯಿತು. ಪಾಕ ಮಾಡಿಟ್ಟ ಪಾತ್ರೆಯ ಅಂಚಿನಲ್ಲಿ ಸಕ್ಕರೆ ಹರಳುಗಟ್ಟುತ್ತಲ್ಲ, ಹಾಗೆ ಸಿಲಿಕಾ ಮರದ ಸಂದುಸಂದಿನಲ್ಲೂ ಹರಳಾಗುತ್ತಾ ಹೋಯಿತು. ಮರದ ಅಂಶ ನಿಧಾನಕ್ಕೆ ಹೋಯಿತು, ಅದರ ಜಾಗದಲ್ಲಿ ಬೆಣಚುಕಲ್ಲು ಕೂತಿತು. ಹೊರಗಿನ ಆಕಾರ ಮರದ್ದು, ಒಳಗಿನ ಸರಕು ಪೂರ್ತಿ ಕಲ್ಲು.

ಬರೀ ಬೆಣಚುಕಲ್ಲಾಗಿದ್ದರೆ ಬಿಳಿ ಇರುತ್ತಿತ್ತು. ನೀರಿನಲ್ಲಿದ್ದ ಕಬ್ಬಿಣ ಅದಕ್ಕೆ ಕುಂಕುಮ, ಅರಿಶಿನ, ಕಾವಿ ಬಣ್ಣ ಕೊಟ್ಟಿತು. ಮ್ಯಾಂಗನೀಸ್ ಕಪ್ಪು ಕೊಟ್ಟಿತು. ಕಡಿದ ಮುಖದ ಮುಂದೆ ಕೂತು ನೋಡಿ, ಅಂಗೈಯಗಲ ಜಾಗದಲ್ಲಿ ಏಳೆಂಟು ಬಣ್ಣ ಸಿಗುತ್ತೆ. ಸಣ್ಣ ಮಳೆ ಬಂದು ನಿಂತ ಮೇಲೆ ನೋಡಲು ಸಿಕ್ಕರಂತೂ ನಿಮ್ಮ ಅದೃಷ್ಟ.

'ಕಡಿದ ಮುಖ' ಅಂದೆ. ಅಲ್ಲಿ ಎಲ್ಲರೂ ಕೇಳೋದು ಇದನ್ನೇ: ಯಾರು ಗರಗಸ ಹಾಕಿ ಕುಯ್ದರು? ಯಾರೂ ಕುಯ್ದಿಲ್ಲ. ಬೆಣಚುಕಲ್ಲು ಗಟ್ಟಿ, ಆದರೆ ಬಾಗೋ ಗುಣ ಇಲ್ಲ. ಆಮೇಲಿನ ಕಾಲದಲ್ಲಿ ಆ ಇಡೀ ಪ್ರಸ್ಥಭೂಮಿ ನಿಧಾನಕ್ಕೆ ಮೇಲೆದ್ದಾಗ, ಒಳಗೆ ಮಲಗಿದ್ದ ಉದ್ದನೆಯ ಕಲ್ಲಿನ ಕೊರಡುಗಳಿಗೆ ಒತ್ತಡ ತಡೆಯಲಾಗಲಿಲ್ಲ. ಸೀಮೆಸುಣ್ಣ ಮುರಿದಾಗ ಅಡ್ಡಕ್ಕೆ ನೀಟಾಗಿ ಮುರಿಯುತ್ತಲ್ಲ, ಅದೇ ಕತೆ. ಮಗನ ಕೈಗೆ ಒಂದು ಸೀಮೆಸುಣ್ಣ ಕೊಟ್ಟು ಮುರಿಸಿ, ಪಾಠ ಮುಗಿಯಿತು. ಆದರೆ ವರ್ಷದ ಉಂಗುರ ಎಣಿಸುತ್ತೇನೆ ಅಂತ ಅವನು ಹೊರಟರೆ ನಿರಾಸೆಯಾಗಬಹುದು. ಇಲ್ಲಿನ ಬಹುತೇಕ ದಿಮ್ಮಿಗಳಲ್ಲಿ ಒಳಗಿನ ರಚನೆ ಅಳಿಸಿಹೋಗಿ ಬರೀ ಹರಳೇ ಉಳಿದಿದೆ.

"ನಮ್ಮ ಕಡೆ ಯಾಕೆ ಇಂಥದ್ದು ಕಾಣಲ್ಲ?" ಅಂತ ತಂದೆಯವರು ಮುಂದಿನ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಕರ್ನಾಟಕದ ಬಹುಪಾಲು ಬಂಡೆ ಮರಗಳಿಗಿಂತ ತುಂಬಾ ಹಳೆಯದು. ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ. ಅದು ಹುಟ್ಟಿದಾಗ ನೆಲದ ಮೇಲೆ ಒಂದು ಹುಲ್ಲುಕಡ್ಡಿಯೂ ಇರಲಿಲ್ಲ, ಇನ್ನು ಮರ ಎಲ್ಲಿಂದ ಬರಬೇಕು? ಕಲ್ಲಾದ ಮರ ಭಾರತದಲ್ಲೇ ನೋಡಬೇಕು ಅಂದರೆ ಪುದುಚೇರಿ ಹತ್ತಿರದ ತಿರುವಕ್ಕರೈ ಇದೆ, ಜೈಸಲ್ಮೇರ್ ಪಕ್ಕದ ಆಕಲ್ ಇದೆ. ಆಕಲ್‌ನ ಮರಗಳಿಗೆ ಸುಮಾರು 18 ಕೋಟಿ ವರ್ಷ, ತಿರುವಕ್ಕರೈಯವು ಅದರ ಮುಂದೆ ಎಳೆಮಕ್ಕಳು, ಸುಮಾರು 2 ಕೋಟಿ. ಎರಡೂ ನೋಡುವಂಥ ಜಾಗಗಳೇ. ಆದರೆ ಅರಿಜೋನಾದ ಬಣ್ಣ ಅಲ್ಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು.

ಸರಿ, ದಾರಿಗೆ ಬರೋಣ. ಪಾರ್ಕಿಗೆ ಎರಡು ಗೇಟು. ಉತ್ತರದ್ದು ಇಂಟರ್‌ಸ್ಟೇಟ್ 40ರ ಮೇಲೆ, 311ನೇ ಎಕ್ಸಿಟ್. ದಕ್ಷಿಣದ್ದು ಯುಎಸ್ 180 ರಸ್ತೆಯಲ್ಲಿ, ಹೋಲ್‌ಬ್ರೂಕ್ ಊರಿಂದ ಸುಮಾರು 18 ಮೈಲಿ. ನೀವು ಫೀನಿಕ್ಸ್‌ನಿಂದ ಪೇಸನ್, ಹೀಬರ್ ಮೇಲೆ ಹೋಲ್‌ಬ್ರೂಕ್‌ಗೆ ಬನ್ನಿ. ಮೂರೂವರೆ ಗಂಟೆ ಇಟ್ಟುಕೊಳ್ಳಿ, ದಾರಿಯಲ್ಲಿ ಪೈನ್ ಕಾಡು ಚೆನ್ನಾಗಿದೆ, ಹಿರಿಯರಿಗೆ ಬೇಜಾರಾಗೋದಿಲ್ಲ. ದಕ್ಷಿಣದ ಗೇಟಿಂದ ಒಳಗೆ ಹೋಗಿ, ಉತ್ತರದಿಂದ ಹೊರಗೆ ಬನ್ನಿ. ಉಲ್ಟಾ ಮಾಡಬೇಡಿ. ಮರಗಳೆಲ್ಲ ಹೆಚ್ಚಾಗಿ ದಕ್ಷಿಣದ ಕಡೆಗಿವೆ, ಬೆಳಗಿನ ತಂಪಿನಲ್ಲಿ ನಡೆಯಬಹುದು. ಸಂಜೆ ಹೊತ್ತಿಗೆ ಉತ್ತರದ ಪೇಂಟೆಡ್ ಡೆಸರ್ಟ್ ತಲುಪುತ್ತೀರಿ, ಆ ಓರೆ ಬೆಳಕಿಗೆ ಅಲ್ಲಿನ ಕೆಂಪು ಗುಡ್ಡಗಳು ಕೆಂಡದ ಹಾಗೆ ಕಾಣುತ್ತವೆ. ಆಮೇಲೆ ನೇರ ಹೈವೇ ಹಿಡಿದು ಪಶ್ಚಿಮಕ್ಕೆ ಫ್ಲಾಗ್‌ಸ್ಟಾಫ್, ಅಲ್ಲಿ ರಾತ್ರಿ ತಂಗಿ. ಗ್ರ್ಯಾಂಡ್ ಕ್ಯಾನಿಯನ್‌ನ ದಕ್ಷಿಣ ಅಂಚಿಗೆ ಅಲ್ಲಿಂದ ಒಂದೂವರೆ ಗಂಟೆ. ಎರಡನ್ನೂ ಒಂದೇ ದಿನದಲ್ಲಿ ತುರುಕಬೇಡಿ, ದಯವಿಟ್ಟು.

ದಕ್ಷಿಣದ ಗೇಟು ದಾಟಿದ ಮೇಲೆ ಸ್ವಲ್ಪ ದೂರದಲ್ಲೇ ರೇನ್‌ಬೋ ಫಾರೆಸ್ಟ್ ಮ್ಯೂಸಿಯಂ. ಅದರ ಹಿಂದೆ ಜೈಂಟ್ ಲಾಗ್ಸ್ ಅನ್ನೋ ಕಾಲುದಾರಿ, ಅರ್ಧ ಮೈಲಿಯೂ ಇಲ್ಲ. ಅಲ್ಲಿ 'ಓಲ್ಡ್ ಫೇತ್‌ಫುಲ್' ಅಂತ ಒಂದು ದಿಮ್ಮಿ ಇದೆ. ಬುಡದ ಅಗಲವೇ ಹತ್ತತ್ತಿರ 3 ಮೀಟರ್. ಪಕ್ಕದಲ್ಲಿ ನಿಮ್ಮ ತಂದೆಯನ್ನು ನಿಲ್ಲಿಸಿ ಫೋಟೊ ತೆಗೆಯಿರಿ, ಊರಿನವರಿಗೆ ತೋರಿಸಲು ಅದೊಂದೇ ಸಾಕು. ಈ ದಾರಿಯಲ್ಲಿ ಮೆಟ್ಟಿಲುಗಳಿವೆ, ತಾಯಿಯವರು ನಿಧಾನಕ್ಕೆ ಬರಬೇಕು. ಮೆಟ್ಟಿಲು ಬೇಡ ಅಂದರೆ ಅವರನ್ನು ಮ್ಯೂಸಿಯಂನಲ್ಲೇ ಕೂರಿಸಿ. ಮುಂದಿನ ಕ್ರಿಸ್ಟಲ್ ಫಾರೆಸ್ಟ್ ಅವರಿಗೆ ಒಳ್ಳೆಯದು. ಮುಕ್ಕಾಲು ಮೈಲಿಯ ಸುತ್ತು, ನೆಲ ಗಟ್ಟಿ ಮಾಡಿದ್ದಾರೆ, ಸಣ್ಣಪುಟ್ಟ ಏರಿಳಿತ ಅಷ್ಟೇ. ಅರ್ಧ ಹೋಗಿ ವಾಪಸ್ ಬಂದರೂ ನಷ್ಟವಿಲ್ಲ, ಎರಡೂ ಕಡೆ ದಿಮ್ಮಿಗಳೇ. ಎರಡು ನಡಿಗೆಗೆ ಮಾತ್ರ ಪುರುಸೊತ್ತಿದ್ದರೆ ನಾನು ಹೇಳೋದು ಕ್ರಿಸ್ಟಲ್ ಫಾರೆಸ್ಟ್ ಮತ್ತು ಬ್ಲೂ ಮೇಸಾ. ಉಳಿದದ್ದು ಬಿಟ್ಟರೂ ಪರವಾಗಿಲ್ಲ.

ಕ್ರಿಸ್ಟಲ್ ಫಾರೆಸ್ಟಿಗೆ ಆ ಹೆಸರು ಬಂದದ್ದು ದಿಮ್ಮಿಗಳ ಟೊಳ್ಳಿನಲ್ಲಿದ್ದ ಹರಳುಗಳಿಂದ, ನೇರಳೆ ಬಣ್ಣದ ಅಮೆಥಿಸ್ಟ್ ಕೂಡ. ಈಗ ದೊಡ್ಡ ಹರಳು ಹುಡುಕಿದರೂ ಸಿಗಲ್ಲ. 19ನೇ ಶತಮಾನದ ಕೊನೆಯಲ್ಲಿ ರೈಲು ಬಂತು, ರೈಲಿನ ಜೊತೆ ಜನ ಬಂದರು, ಹರಳಿಗಾಗಿ ದಿಮ್ಮಿಗಳಿಗೆ ಡೈನಮೈಟ್ ಇಟ್ಟು ಒಡೆದರು. ಕಲ್ಲಾದ ಮರವನ್ನು ಪುಡಿ ಮಾಡಿ ಉಜ್ಜುವ ಪುಡಿಯಾಗಿ ಮಾರಲು ಹತ್ತಿರದಲ್ಲೇ ಒಂದು ಗಿರಣಿಯನ್ನೂ ಕಟ್ಟಿದ್ದರಂತೆ! ಊರಿನವರ ಕೂಗಿಗೆ ಕೊನೆಗೂ ಬೆಲೆ ಬಂದದ್ದು 1906ರ ಡಿಸೆಂಬರ್‌ನಲ್ಲಿ. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಈ ಜಾಗವನ್ನು ರಾಷ್ಟ್ರೀಯ ಸ್ಮಾರಕ ಅಂತ ಸಾರಿದರು. ನ್ಯಾಷನಲ್ ಪಾರ್ಕ್ ಆದದ್ದು 1962ರಲ್ಲಿ.

ದಾರಿಯಲ್ಲಿ ಅಗೇಟ್ ಬ್ರಿಜ್ ಸಿಗುತ್ತೆ. 110 ಅಡಿಯ ಒಂದೇ ಕೊರಡು, ಕೆಳಗೆ ಹಳ್ಳ ಕೊರೆದುಕೊಂಡು ಹೋಗಿ ಸೇತುವೆ ಆಗಿದೆ. ಬಿದ್ದೀತು ಅಂತ 1917ರಲ್ಲಿ ಅಡಿಗೆ ಕಾಂಕ್ರೀಟ್ ತೊಲೆ ಕೊಟ್ಟಿದ್ದಾರೆ. ವಾಲಿದ ಬಾಳೆಗೆ ಕವೆಗೋಲು ಕೊಟ್ಟ ಹಾಗಿದೆ, ನೋಡಲು ಚೆನ್ನಾಗಿಲ್ಲ. ಐದು ನಿಮಿಷ ಸಾಕು.

ಬ್ಲೂ ಮೇಸಾ ಹಾಗಲ್ಲ. ಇಲ್ಲಿ ಒಂದು ಗಂಟೆ ಕೊಡಿ. ಮುಖ್ಯ ರಸ್ತೆಯಿಂದ ಮೂರೂವರೆ ಮೈಲಿ ಒಳಗೆ ಕಾರು ಹೋಗುತ್ತೆ, ಮೇಲಿಂದ ನೋಡುವ ಜಾಗಗಳಿವೆ. ತಂದೆ ತಾಯಿ ಅಲ್ಲೇ ಇರಲಿ. ನೀವು ಮಗನನ್ನು ಕರೆದುಕೊಂಡು ಒಂದು ಮೈಲಿಯ ಸುತ್ತುದಾರಿಗೆ ಇಳಿಯಿರಿ. ಇಳಿಜಾರು ಜೋರಾಗಿದೆ, ಮಂಡಿನೋವಿನವರಿಗೆ ಖಂಡಿತ ಬೇಡ. ಕೆಳಗೆ ಇಳಿದರೆ ನೀಲಿ, ಬೂದು, ನೇರಳೆ ಪಟ್ಟೆಯ ಬೋಳು ಗುಡ್ಡಗಳ ನಡುವೆ ನಿಂತಿರುತ್ತೀರಿ. ಮಣ್ಣಿನ ಮೇಲ್ಮೈ ನೋಡಿ, ಬಿರುಕು ಬಿಟ್ಟು ಪುಡಿಪುಡಿಯಾಗಿ ಉಬ್ಬಿರುತ್ತೆ. ಇದು ಆ ಹಳೆಯ ಜ್ವಾಲಾಮುಖಿ ಬೂದಿಯಿಂದಲೇ ಆದ ಜೇಡಿ. ಗದಗ, ಧಾರವಾಡದ ಎರೆಮಣ್ಣು ಗೊತ್ತಲ್ಲ, ಮಳೆ ಬಿದ್ದರೆ ಉಬ್ಬಿ ಚಪ್ಪಲಿಗೆ ಕಿಲೋಗಟ್ಟಲೆ ಅಂಟುತ್ತೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಾಯಿ ಬಿಡುತ್ತೆ? ಎರಡೂ ಒಂದೇ ಬಳಗದ ಜೇಡಿ. ನಮ್ಮ ಎರೆಯಲ್ಲಿ ಜೋಳ, ಕಡಲೆ ಬರುತ್ತೆ. ಇಲ್ಲಿ ಮಳೆಯೂ ಕಡಿಮೆ, ಇಳಿಜಾರಿನ ಮಣ್ಣು ಒಂದು ಕಡೆ ನಿಲ್ಲೋದೂ ಇಲ್ಲ, ಗಿಡ ಬೇರು ಬಿಡೋದು ಎಲ್ಲಿ? ಪ್ರತಿ ಮಳೆಗೂ ಒಂದಿಷ್ಟು ಕೊಚ್ಚಿಹೋಗಿ, ಒಳಗಿದ್ದ ದಿಮ್ಮಿಯೋ ಮೂಳೆಯೋ ಹೊರಗೆ ಬರುತ್ತೆ. ಅದಕ್ಕೇ ದಾರಿ ಬಿಟ್ಟು ಗುಡ್ಡ ಹತ್ತಬೇಡಿ.

ಮೂಳೆ ಅಂದೆನಲ್ಲ, ಮಗನಿಗೆ ಹೇಳಬೇಕಾದ್ದು ಇಲ್ಲಿದೆ. ಟೈರನೊಸಾರಸ್ ಇಲ್ಲ, ಮೊದಲೇ ಹೇಳಿ ಸಮಾಧಾನ ಮಾಡಿ. ಅದು ಬಂದದ್ದು ಇದಾಗಿ 14 ಕೋಟಿ ವರ್ಷಕ್ಕೂ ಆಮೇಲೆ. ಈ ಕಾಲದ ಡೈನೊಸಾರ್‌ಗಳು ಚಿಕ್ಕವು, ಹೆದರಿ ಓಡಾಡುತ್ತಿದ್ದವು. ರಾಜರು ಬೇರೆ, ಮೊಸಳೆಯ ದೂರದ ನೆಂಟರು. ಫೈಟೊಸಾರ್ ನೋಡಲು ಥೇಟ್ ಮೊಸಳೆ. ಮೊಸಳೆಗೆ ಮೂಗಿನ ಹೊಳ್ಳೆ ಮೂತಿಯ ತುದಿಯಲ್ಲಿ, ಇದಕ್ಕೆ ಕಣ್ಣಿನ ಹತ್ತಿರ. ಮ್ಯೂಸಿಯಂನಲ್ಲಿ ತಲೆಬುರುಡೆ ಮುಂದೆ ನಿಂತು ಹೊಳ್ಳೆ ಎಲ್ಲಿದೆ ಅಂತ ಅವನನ್ನೇ ಹುಡುಕಲು ಬಿಡಿ. ಇದೇ ಫೈಟೊಸಾರ್ ಬಳಗದ ಮೂಳೆಗಳು ನಮ್ಮ ತೆಲಂಗಾಣದ ಪ್ರಾಣಹಿತಾ-ಗೋದಾವರಿ ಕಣಿವೆಯಲ್ಲೂ ಸಿಕ್ಕಿವೆ. ಖಂಡಗಳು ಒಂದಾಗಿದ್ದವು ಅಂದೆನಲ್ಲ, ಆ ಮಾತಿಗೆ ಇದಕ್ಕಿಂತ ಒಳ್ಳೆ ಸಾಕ್ಷಿ ಮಕ್ಕಳಿಗೆ ಕೊಡಲಾಗದು.

ಇನ್ನೊಂದು, 'ಗರ್ಟಿ'. 1984ರಲ್ಲಿ ಪಾರ್ಕಿನ ಉತ್ತರ ಭಾಗದಲ್ಲಿ ಸಿಕ್ಕ ಪುಟ್ಟ ಡೈನೊಸಾರ್‌ಗೆ ಇಟ್ಟ ಮುದ್ದಿನ ಹೆಸರು. ಮರುವರ್ಷ ಅದನ್ನು ಬಂಡೆ ಸಮೇತ ಹೆಲಿಕಾಪ್ಟರ್‌ನಲ್ಲಿ ಎತ್ತಿಕೊಂಡು ಹೋದರು. ಶಾಸ್ತ್ರೀಯ ಹೆಸರು ಚಿಂಡೆಸಾರಸ್. ಸಿಕ್ಕ ಜಾಗದ ಹತ್ತಿರ ಚಿಂಡೆ ಪಾಯಿಂಟ್ ಇದೆ, ಅದರಿಂದ ಬಂದದ್ದು. ಅಲ್ಲಿನ ಮೂಲನಿವಾಸಿ ನವಾಹೊ ಜನರ ಭಾಷೆಯಲ್ಲಿ ದೆವ್ವ ಅನ್ನೋ ಪದದಿಂದ ಆ ಜಾಗಕ್ಕೆ ಹೆಸರು. ಈಗ ಅಲ್ಲಿ ಊಟಕ್ಕೆ ಕೂರುವ ಮೇಜುಗಳಿವೆ. ಬುತ್ತಿ ಬಿಚ್ಚಿ, ದೆವ್ವದ ಡೈನೊಸಾರ್ ಕತೆ ಅಲ್ಲೇ ಹೇಳಿ. ಇಲ್ಲಿ ಕೆಲಸ ಮುಗಿದಿಲ್ಲ ಅನ್ನೋದನ್ನೂ ಹೇಳಿ. 2025ರಲ್ಲೂ ಇಲ್ಲಿ ಸಿಕ್ಕ ಸುಮಾರು 20.9 ಕೋಟಿ ವರ್ಷ ಹಳೆಯ ಹಾರುವ ಸರೀಸೃಪವೊಂದಕ್ಕೆ ಹೊಸದಾಗಿ ಹೆಸರಿಟ್ಟರು. ಕಡಲಹಕ್ಕಿ ಗಾತ್ರದ್ದು. ಮಕ್ಕಳಿಗಾಗಿ ಜೂನಿಯರ್ ರೇಂಜರ್ ಅಂತ ಒಂದು ಪುಸ್ತಿಕೆ ಕೊಡುತ್ತಾರೆ, ಬರೆದು ತೋರಿಸಿದರೆ ಬ್ಯಾಡ್ಜ್ ಸಿಗುತ್ತೆ. ಬೆಳಿಗ್ಗೆ ಒಳಗೆ ಹೋದ ಕೂಡಲೇ ಕೇಳಿ ತೆಗೆದುಕೊಳ್ಳಿ.

ಪ್ಯುಯೆರ್ಕೊ ಪ್ಯುಯೆಬ್ಲೊ ಅನ್ನೋ ಜಾಗದಲ್ಲಿ ಮೂಲನಿವಾಸಿಗಳ ಸುಮಾರು ನೂರು ಕೋಣೆಗಳ ಹಳೆಯ ಊರಿನ ಪಾಯ ಇದೆ. ಬಂಡೆಗಳ ಮೇಲೆ ಕೊರೆದ ಚಿತ್ರಗಳಿವೆ. ದಾರಿ ಚಿಕ್ಕದು, ಸಮತಟ್ಟು, ತಾಯಿಯವರು ಆರಾಮಾಗಿ ನಡೆಯಬಹುದು. ಹೈವೇ ದಾಟುವ ಹತ್ತಿರ ರೂಟ್ 66 ಅನ್ನೋ ಹಳೆಯ ಹೆದ್ದಾರಿ ಹಾದುಹೋದ ಜಾಗದಲ್ಲಿ 1932ರ ಒಂದು ತುಕ್ಕು ಹಿಡಿದ ಸ್ಟೂಡಿಬೇಕರ್ ಕಾರು ನಿಲ್ಲಿಸಿದ್ದಾರೆ, ಫೋಟೊ ತೆಗೆಯದೆ ಯಾರೂ ಮುಂದೆ ಹೋಗಲ್ಲ. ಅಲ್ಲಿಂದ ಮೇಲೆ ಎಲ್ಲ ಪೇಂಟೆಡ್ ಡೆಸರ್ಟ್, ಕಾರಿಂದ ಇಳಿದು ಹತ್ತು ಹೆಜ್ಜೆಗೆ ನೋಟ ಸಿಗುತ್ತೆ. ಪೇಂಟೆಡ್ ಡೆಸರ್ಟ್ ಇನ್ ಅನ್ನೋ ಹಳೆಯ ಕಟ್ಟಡದ ಒಳಗೆ ಹೋಪಿ ಬುಡಕಟ್ಟಿನ ಕಲಾವಿದ ಫ್ರೆಡ್ ಕಬೋಟಿ ಬಿಡಿಸಿದ ಗೋಡೆಚಿತ್ರಗಳಿವೆ. ತಾಯಿಯವರು ಅಲ್ಲಿ ಕೂತು ಸುಧಾರಿಸಿಕೊಳ್ಳಲಿ.

ಹೆಸರು 'ಇನ್' ಆದರೂ ಅಲ್ಲಿ ಉಳಿಯಲು ಕೋಣೆ ಸಿಗಲ್ಲ. ಪಾರ್ಕಿನೊಳಗೆ ಹೋಟೆಲ್ಲೇ ಇಲ್ಲ. ಉತ್ತರದ ಗೇಟಲ್ಲಿ ಒಂದು ಊಟದ ಜಾಗ, ಪೆಟ್ರೋಲ್ ಬಂಕ್ ಇದೆ, ಸಸ್ಯಾಹಾರಿಗಳು ಅದನ್ನೇ ನಂಬಿ ಹೋಗಬೇಡಿ. ಚಿತ್ರಾನ್ನ, ಮೊಸರನ್ನ ಕಟ್ಟಿಕೊಳ್ಳಿ. ನೀರು ಜಾಸ್ತಿ ಇಟ್ಟುಕೊಳ್ಳಿ. ಜಾಗ 5,000 ಅಡಿಗಿಂತ ಮೇಲಿದೆ, ನಂದಿ ಬೆಟ್ಟಕ್ಕಿಂತ ಎತ್ತರ, ಗಾಳಿ ತೀರಾ ಒಣ. ಬೆವರು ಗೊತ್ತೇ ಆಗಲ್ಲ, ಆಮೇಲೆ ತಲೆನೋವು ಶುರುವಾಗುತ್ತೆ. ನೆರಳು ಎಲ್ಲೂ ಇಲ್ಲ. ಅಕ್ಟೋಬರ್ ಒಳ್ಳೆ ತಿಂಗಳು ಆರಿಸಿದ್ದೀರಿ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನ ಗುಡುಗು ಸಿಡಿಲು, ವಸಂತದಲ್ಲಿ ಮರಳುಗಾಳಿ. ಅಕ್ಟೋಬರ್‌ನಲ್ಲಿ ಸಂಜೆ ಚಳಿ ಬೀಳುತ್ತೆ, ಹಿರಿಯರಿಗೆ ಸ್ವೆಟರ್ ಇರಲಿ. ಕಾರಿಗೆ 25 ಡಾಲರ್, ಏಳು ದಿನಕ್ಕೆ ನಡೆಯುತ್ತೆ, ನ್ಯಾಷನಲ್ ಪಾರ್ಕ್ ವಾರ್ಷಿಕ ಪಾಸ್ ಇದ್ದರೆ ಅದೇ ಸಾಕು. ರಸ್ತೆಯನ್ನು ರಾತ್ರಿ ಮುಚ್ಚುತ್ತಾರೆ, ದರವನ್ನೂ ಗೇಟಿನ ಸಮಯವನ್ನೂ ಹೊರಡುವ ಹಿಂದಿನ ದಿನ ನೋಡಿಕೊಳ್ಳಿ. ಒಂದು ತಮಾಷೆ ಗೊತ್ತಿರಲಿ: ವರ್ಷದಲ್ಲಿ ಕೆಲವು ತಿಂಗಳು ಅಮೆರಿಕದ ಬಹುತೇಕ ಕಡೆ ಗಡಿಯಾರ ಒಂದು ಗಂಟೆ ಮುಂದೆ ಇಡುತ್ತಾರೆ. ಅರಿಜೋನಾ ಹಾಗೆ ಬದಲಿಸಲ್ಲ, ಪಕ್ಕದ ನವಾಹೊ ನಾಡು ಬದಲಿಸುತ್ತೆ. ಫೋನು ಆ ಕಡೆಯ ಟವರ್ ಹಿಡಿದರೆ ಒಂದು ಗಂಟೆ ಮುಂದೆ ತೋರಿಸಬಹುದು. ಕೈಗಡಿಯಾರ ನಂಬಿ.

ಕೊನೆಗೆ ತಾಯಿಯವರ ಪ್ರಶ್ನೆ. ಅದನ್ನು ಕೇಳಿ ನನಗೆ ಖುಷಿಯಾಯಿತು. ಸಾಲಿಗ್ರಾಮದ ಜೊತೆ ಹೋಲಿಸಿದ್ದು ಸುಮ್ನೆ ಅಲ್ಲ, ಸಾಲಿಗ್ರಾಮವೂ ಪಳೆಯುಳಿಕೆಯೇ. ಹಿಮಾಲಯ ಏಳುವ ಮೊದಲು ಅಲ್ಲಿದ್ದ ಸಮುದ್ರದಲ್ಲಿ ಬದುಕಿದ್ದ ಅಮೋನೈಟ್ ಎಂಬ ಸುರುಳಿ ಚಿಪ್ಪಿನ ಜೀವಿ, ನೇಪಾಳದ ಗಂಡಕಿ ನದಿ ಅದನ್ನು ಉರುಳಿಸಿ ನುಣ್ಣಗೆ ಮಾಡಿ ಕೊಡುತ್ತೆ. ಆದರೆ ಪಾರ್ಕಿನಿಂದ ಕಲ್ಲಾದ ಮರದ ಉಗುರಿನಷ್ಟು ಚೂರನ್ನೂ ತರುವ ಹಾಗಿಲ್ಲ. ಕಾನೂನು ಪ್ರಕಾರ ಅಪರಾಧ. ನೆಲದ ಮೇಲೆ ಲೆಕ್ಕವಿಲ್ಲದಷ್ಟು ಚೂರು ಬಿದ್ದಿರುತ್ತೆ, ಒಂದು ತೆಗೆದರೆ ಏನಾಗುತ್ತೆ ಅನ್ನಿಸುತ್ತೆ, ನನಗೂ ಅನ್ನಿಸಿತ್ತು.

ತೆಗೆದುಕೊಂಡು ಹೋದವರಲ್ಲಿ ಕೆಲವರು ಆಮೇಲೆ ಅಂಚೆಯಲ್ಲಿ ವಾಪಸ್ ಕಳಿಸುತ್ತಾರೆ. ಕಲ್ಲು ಮನೆಗೆ ಬಂದಾಗಿನಿಂದ ಕೆಲಸ ಹೋಯಿತು, ಕಾಲು ಮುರಿಯಿತು ಅಂತ ಕಾಗದ ಬರೆದು ಕ್ಷಮೆ ಕೇಳುತ್ತಾರೆ. ಆದರೆ ಯಾವ ಚೂರು ಎಲ್ಲಿಯದು ಅಂತ ಗೊತ್ತಾಗದ ಕಾರಣ ಮೊದಲಿನ ಜಾಗಕ್ಕೆ ಇಡಲಾಗದು. ಬೇರೆ ಕಡೆ ಗುಡ್ಡೆ ಹಾಕಿದ್ದಾರೆ. ಇನ್ನೂ ಸ್ವಾರಸ್ಯ ಬೇಕಾ? ಹಿಂದೆ ಪಾರ್ಕಿನಲ್ಲಿ "ವರ್ಷಕ್ಕೆ 14 ಟನ್ ಕಳುವಾಗುತ್ತಿದೆ" ಅಂತ ಬೋರ್ಡ್ ಇತ್ತು. ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಮತ್ತು ಜೊತೆಯವರು ದಾರಿಯಲ್ಲಿ ಗುರುತು ಮಾಡಿದ ಚೂರುಗಳನ್ನಿಟ್ಟು ಪರೀಕ್ಷೆ ಮಾಡಿದರು. "ತುಂಬಾ ಜನ ಒಯ್ದಿದ್ದಾರೆ" ಅನ್ನೋ ಬೋರ್ಡ್ ಇದ್ದಾಗ ಸುಮಾರು 8% ಚೂರು ಮಾಯ. "ದಯವಿಟ್ಟು ಒಯ್ಯಬೇಡಿ" ಅಂತ ಮಾತ್ರ ಇದ್ದಾಗ 2% ಕೂಡ ಇಲ್ಲ. ಎಲ್ಲರೂ ಒಯ್ಯುತ್ತಾರೆ ಅಂದರೆ ನಮಗೂ ಕೈ ತುರಿಸುತ್ತೆ, ಅಲ್ವಾ? ಆಮೇಲೆ ನೂರು ವರ್ಷ ಹಳೆಯ ಫೋಟೊಗಳ ಜೊತೆ ಇಟ್ಟು ನೋಡಿದರೆ ಎಷ್ಟೋ ಕಡೆ ದಿಮ್ಮಿಗಳು ಇದ್ದ ಹಾಗೇ ಇವೆ. ಜನ ಅಂದುಕೊಂಡಷ್ಟು ಕೆಟ್ಟವರಲ್ಲ.

ದೇವರ ಮನೆಗೆ ಬೇಕೇ ಬೇಕು ಅಂದರೆ ದಾರಿ ಇದೆ. ಪಾರ್ಕಿನ ಹೊರಗೆ ಖಾಸಗಿ ಜಮೀನಿನಲ್ಲಿ ತೆಗೆದ ಕಲ್ಲಾದ ಮರವನ್ನು ಹೋಲ್‌ಬ್ರೂಕ್‌ನ ಅಂಗಡಿಗಳಲ್ಲಿ ಕಾನೂನು ಪ್ರಕಾರವೇ ಮಾರುತ್ತಾರೆ, ಹೊಳಪು ಕೊಟ್ಟು ಕೂಡ. ಬೆಳಿಗ್ಗೆ ಹೋಗುವಾಗ ಕೊಳ್ಳಬೇಡಿ. ಕೊಂಡು ಪಾರ್ಕಿನೊಳಗೆ ಹೋದರೆ ಗೇಟಲ್ಲೇ ಹೇಳಿ ತೋರಿಸಬೇಕು, ಸುಮ್ನೆ ತಲೆನೋವು. ಉತ್ತರದ ಗೇಟಿಂದ ಫ್ಲಾಗ್‌ಸ್ಟಾಫ್‌ಗೆ ಹೋಗುವಾಗ ಹೋಲ್‌ಬ್ರೂಕ್ ಮತ್ತೆ ಸಿಗುತ್ತೆ, ಆಗ ಕೊಳ್ಳಿ, ರಸೀದಿ ಇಟ್ಟುಕೊಳ್ಳಿ. ಚಿಕ್ಕದನ್ನೇ ಆರಿಸಿ ಅಂತ ತಾಯಿಯವರಿಗೆ ಹೇಳಿ. ಸುಲಿದ ತೆಂಗಿನಕಾಯಿ ಗಾತ್ರದ ತುಂಡೇ ಎರಡು ಕಿಲೋ ದಾಟುತ್ತೆ. ಹಾಸನಕ್ಕೆ ವಾಪಸ್ ಹೋಗುವಾಗ ಸೂಟ್‌ಕೇಸ್ ತೂಕ ಹಾಕೋದು ನೀವೇ ತಾನೇ.